ಬೀದಿ ಲೆಕ್ಕದ ಯಜಮಾನರು

ಆಸ್ಪತ್ರೆಯಲ್ಲಿ ನಮ್ಮನೆಯವರಿಗೆ ಗೋಡೆ ಸರ್ ಎಂದು ಹೆಸರು. ಕೆಲಸದಿಂದ ನಿವೃತ್ತರಾದರೂ ಆ ಹೆಸರಿನಿಂದ ನಿವೃತ್ತಿ ಸಿಕ್ಕಿಲ್ಲ. ನಾನು ಅದೇ ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುವವಳು. ನನ್ನ ಕೈಕೆಳಗಿನ ಹೆಂಗಸರು ನನ್ನನ್ನು ಅಕ್ಕ ಎನ್ನುವುದರಿಂದ ಅವರ ಬಾಯಲ್ಲಿ ಇವರು ಗೋಡೆ ಭಾವ. ಎದುರಿಗೆ ಹಾಗೆ ಕರೆಯುವ ಧೈರ್ಯ ನನಗೊಬ್ಬಳಿಗೇ ಇರುವುದು. ಅದಕ್ಕಿಂತ ಕೆಟ್ಟದಾಗಿ ಕರೆದದ್ದೂ ಉಂಟು ಅನ್ನಿ.

ಇವರು ಕಾಯುತ್ತಿದ್ದದ್ದು ಇಟ್ಟಿಗೆ ಗೋಡೆಯಲ್ಲ, ಫೈರ್‌ವಾಲ್. ಆಸ್ಪತ್ರೆಯ ತುಂಬ ಕಂಪ್ಯೂಟರುಗಳು, ಪರದೆಗಳು, ಸ್ಕ್ಯಾನಿಂಗ್ ಯಂತ್ರಗಳು. ಇವುಗಳಲ್ಲಿ ಯಾವುದು ಯಾವುದರ ಜೊತೆ ಮಾತಾಡಬಹುದು, ಯಾವುದು ಕೂಡದು ಎಂದು ನಿಯಮ ಬರೆದು ಕಾಯುವ ಕೆಲಸ. ಸ್ಕ್ಯಾನಿಂಗ್ ಯಂತ್ರ ಡಾಕ್ಟರ ಕಂಪ್ಯೂಟರಿಗೆ ಚಿತ್ರ ಕಳಿಸಬಹುದು. ಹೊರಗೆ ಬೆಂಚಿನ ಮೇಲೆ ಕೂತು ಆಟ ಆಡುವವನ ಮೊಬೈಲು ಮಾತ್ರ ಆ ಯಂತ್ರದ ಹತ್ತಿರ ಸುಳಿಯಕೂಡದು. ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಯಂತ್ರಗಳಿಗಾಗಿ ತಣ್ಣಗೆ ಇಟ್ಟ ಒಂದು ಚಿಕ್ಕ ಕೋಣೆಯಲ್ಲಿ, ಸ್ವೆಟರು ಹಾಕಿಕೊಂಡು ಕೂತು ಇದನ್ನೆಲ್ಲ ಮಾಡುತ್ತಿದ್ದರು. ಹೊರಗೆ ಸುಡುಬಿಸಿಲಿದ್ದರೂ ಸ್ವೆಟರಿನಲ್ಲೇ ಊಟಕ್ಕೆ ಬರುವ ಮನುಷ್ಯನನ್ನು ಕಂಡು ಹೊಸ ರೋಗಿಗಳು ಜ್ವರ ಬಂದವರೆಂದು ಜಾಗ ಬಿಡುತ್ತಿದ್ದರು.

ಮದುವೆಯಾದ ಹೊಸದರಲ್ಲಿ ನಾನು ಪೆದ್ದಿಯ ಹಾಗೆ ಒಂದು ಪ್ರಶ್ನೆ ಕೇಳಿಬಿಟ್ಟೆ. "ದಿನವಿಡೀ ಅಲ್ಲಿ ಕೂತ್ಕೊಂಡು ಏನು ಮಾಡ್ತೀರಿ?" ಅಷ್ಟೇ. ಕೈಯಲ್ಲಿದ್ದ ಕಾಫಿ ಆರಿಹೋಯಿತು, ಮಾತು ಮಾತ್ರ ಆರಲಿಲ್ಲ.

"ನೋಡು, ಒಂದೊಂದು ಯಂತ್ರಕ್ಕೂ ಒಂದೊಂದು ವಿಳಾಸ ಇರತ್ತೆ, ಮನೆ ನಂಬರ್ ಇದ್ದ ಹಾಗೆ. ಈ ಮನೆಯವರು ಒಳಗೆ ಬರಲಿ, ಆ ಮನೆಯವರು ಬರಲಿ ಅಂತ ಒಂದೊಂದೇ ಬರೀತಾ ಕೂತ್ರೆ ಜನ್ಮ ಸಾಲದು. ಅದಕ್ಕೆ ಬೀದಿ ಬೀದಿನೇ ಹಿಡಿಯೋದು. ಆ ಬೀದಿಗೆ ಸಬ್‌ನೆಟ್ ಅಂತಾರೆ. ಒಂದೇ ಸಾಲು ಬರೆದ್ರೆ ಇಡೀ ಬೀದಿ ಒಳಗೆ."

"ಐವತ್ತು ಮನೆ ಇರೋ ಬೀದಿ ಬೇಕು ಅಂದ್ರೆ?"

"ಸಿಗಲ್ಲ. ಬೀದಿ ಅಳತೆ ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ನಾಲ್ಕು, ಹೀಗೆ ಇಮ್ಮಡಿ ಆಗ್ತಾ ಹೋಗತ್ತೆ. ಐವತ್ತು ಬೇಕಾದ್ರೆ ಅರವತ್ನಾಲ್ಕು ತಗೋಬೇಕು."

"ಉಳಿದ ಹದಿನಾಲ್ಕು ಮನೆ?"

"ಖಾಲಿ ಬಿದ್ದಿರತ್ತೆ."

"ಇದೆಂಥ ದುಂದು ರೀ!" ಅಂದೆ. ಅಡುಗೆಯವಳಿಗೆ ಮಿಕ್ಕದ್ದು ಕಂಡರೆ ಹೊಟ್ಟೆ ಉರಿಯುತ್ತದೆ. ಇವರಿಗೆ ಹುರುಪು ಇನ್ನೂ ಏರಿತು. ವಿಳಾಸದ ಕೊನೆಗೆ ಒಂದು ಓರೆಗೆರೆ ಎಳೆದು ಇಪ್ಪತ್ತಾರು ಎಂದು ಬರೆದರೆ ಅರವತ್ನಾಲ್ಕು ಮನೆಯ ಬೀದಿ, ಇಪ್ಪತ್ತೇಳು ಬರೆದರೆ ಅದರರ್ಧ, ಅಂಕಿ ಏರಿದಷ್ಟೂ ಬೀದಿ ಕುಗ್ಗುತ್ತ ಮೂವತ್ತೆರಡಕ್ಕೆ ಬಂದಾಗ ಒಂಟಿ ಮನೆ ಎಂದು ಮೇಜಿನ ಮೇಲೆ ನೀರಿನಲ್ಲಿ ಬೆರಳದ್ದಿ ಬರೆದು ತೋರಿಸಿದರು. ನನಗೆ ಆಕಳಿಕೆ ಬಂತು.

"ಇನ್ನೊಂದೇ ಒಂದು ಮುಖ್ಯ ವಿಷಯ ಇದೆ ಕಣೇ. ಬೀದಿ ಎಲ್ಲಿಂದ ಶುರುವಾಗತ್ತೆ ಅನ್ನೋದು."

"ನಾಳೆ ಹೇಳಿ" ಎಂದು ಎದ್ದೆ. ಆ ನಾಳೆ ಬರಬೇಕಾದರೆ ನಮ್ಮ ಮಗಳು ಹುಟ್ಟಿ, ಬೆಳೆದು, ಅವಳ ಹೆರಿಗೆಯೇ ಆಗಬೇಕಾಯಿತು.

ಬೀದಿ ಲೆಕ್ಕವನ್ನು ಆಫೀಸಿನಲ್ಲೇ ಬಿಟ್ಟು ಬಂದಿದ್ದರೆ ನಾನೇಕೆ ಇಷ್ಟು ಹೇಳುತ್ತಿದ್ದೆ! ಮಗಳ ಮದುವೆಗೆ ಯಾರನ್ನು ಕರೆಯುವುದು ಎಂದು ನಾನು ತಲೆ ಕೆಡಿಸಿಕೊಂಡು ಕೂತಿದ್ದರೆ ಇವರು ಒಂದೇ ಮಾತಿನಲ್ಲಿ ಮುಗಿಸಿದರು. "ನಮ್ಮ ಬೀದಿ ಈ ತುದಿಯಿಂದ ಆ ತುದಿವರೆಗೆ ಎಲ್ಲರೂ ಬರಲಿ." ಬಂದರು. ಪ್ರತಿ ಬೆಳಿಗ್ಗೆ ತನ್ನ ಅಂಗಳದ ಕಸವನ್ನು ನಮ್ಮ ಗೇಟಿನ ಮುಂದೆ ಗುಡಿಸಿಟ್ಟು ಹೋಗುವ ಎದುರುಮನೆಯಾತ, ವರ್ಷಗಳಿಂದ ನಮ್ಮೊಂದಿಗೆ ಮಾತು ಬಿಟ್ಟವನು, ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂತು ಎರಡು ಸಲ ಬಡಿಸಿಕೊಂಡು ಉಂಡ. ಬಾರದೆ ಉಳಿದವರು ಯಾರು ಗೊತ್ತೆ? ಇವರ ಸ್ವಂತ ಅಕ್ಕ. ಮೂಲೆಮನೆ ಅವರದು, ಬಾಗಿಲು ಪಕ್ಕದ ರಸ್ತೆಗೆ.

"ಒಡಹುಟ್ಟಿದವಳು ಒಬ್ಬಳು ಮೂಲೇಲಿ ಬಿದ್ದಿದಾಳೆ ಅಂತ ನೆನಪಾಗ್ಲಿಲ್ವೇನೋ ನಿಂಗೆ?" ಎಂದು ಅವರು ಮರುದಿನ ಬಂದು ಮನೆ ಸೂರು ಹಾರಿಸಿದರು.

"ಅಕ್ಕಾ, ನಿನ್ನ ಬಾಗಿಲು ಆ ಕಡೆ ರಸ್ತೆಗಿದೆ" ಎಂದರು ಇವರು, ಅದೊಂದು ಉತ್ತರ ಎಂಬಂತೆ. ನಾನು ಮಧ್ಯೆ ನುಗ್ಗಿ ಅತ್ತಿಗೆಯ ಕೈಕಾಲು ಹಿಡಿದು ಸಮಾಧಾನ ಮಾಡಿದೆ. ಅವರು ಇಂದಿಗೂ ನಮ್ಮ ಮನೆಗೆ ಬಂದಾಗಲೆಲ್ಲ ಹೊಸ್ತಿಲಲ್ಲಿ ನಿಂತು, "ಒಳಗೆ ಬರಬಹುದಾ, ನಾನು ಈ ಬೀದಿಯವಳಲ್ಲ" ಎಂದು ಚುಚ್ಚದೆ ಚಪ್ಪಲಿ ಬಿಡುವುದಿಲ್ಲ.

ಇವರ ಹಟಕ್ಕೆ ಒಂದು ಕಾರಣವಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗಂಡನನ್ನು ಬರೀ ಆಡಿಕೊಂಡಳು ಎಂದಾದೀತು. ಇವರು ಕೆಲಸಕ್ಕೆ ಸೇರಿದಾಗ ಆ ಫೈರ್‌ವಾಲ್ ತುಂಬ ಒಂಟಿ ಮನೆಯ ಬಾಗಿಲುಗಳೇ. ಯಾವುದೋ ಕಾಲದಲ್ಲಿ ಯಾವುದೋ ಡಾಕ್ಟರು ಕೇಳಿದರೆಂದು ಒಂದು, ಯಾರದೋ ಭಾವಮೈದುನ ಕೇಳಿದನೆಂದು ಇನ್ನೊಂದು. ಕೇಳಿದವರು ಊರು ಬಿಟ್ಟಿದ್ದರು, ಕೆಲವರು ಲೋಕವನ್ನೇ ಬಿಟ್ಟಿದ್ದರು, ಬಾಗಿಲುಗಳು ಮಾತ್ರ ಹಾಗೇ ತೆರೆದಿದ್ದವು. ಏಕೆ ತೆರೆದದ್ದು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಒಂದೊಂದನ್ನೂ ಹುಡುಕಿ ಮುಚ್ಚುವಷ್ಟರಲ್ಲಿ ಇವರ ಕೂದಲು ಅರ್ಧ ನೆರೆಯಿತು. ಆಗ ಎರಡು ಕಟ್ಟಪ್ಪಣೆ ಮಾಡಿಕೊಂಡರು. ಪ್ರತಿ ನಿಯಮದ ಪಕ್ಕದಲ್ಲಿ ಕಾರಣ ಬರೆಯಬೇಕು, ಸೇರಿಸುವಾಗಲೂ ಅಳಿಸುವಾಗಲೂ. ಒಬ್ಬರಿಗೋಸ್ಕರ ಬಾಗಿಲು ತೆರೆಯಕೂಡದು.

ಆಸ್ಪತ್ರೆಯ ದೊಡ್ಡ ಡಾಕ್ಟರೇ ಒಮ್ಮೆ ಬಂದು, ತಮ್ಮ ಕೋಣೆಯ ಟಿವಿಗೆ ಪಂದ್ಯ ನೋಡುವಷ್ಟು ದಾರಿ ಮಾಡಿಕೊಡಿ ಎಂದು ಹಲ್ಲು ಕಿರಿದರು. "ಬೀದಿಗೆ ತೆಗೀತೀನಿ ಸರ್, ಮನೆಗೆ ತೆಗೆಯಲ್ಲ" ಎಂದರು ಇವರು. ಬೀದಿಗೆ ತೆಗೆದರೆ ಆ ಸಾಲಿನ ಡಾಕ್ಟರುಗಳೆಲ್ಲ ರೋಗಿಗಳನ್ನು ಬಿಟ್ಟು ಪಂದ್ಯ ನೋಡುತ್ತ ಕೂರುತ್ತಾರೆಂದು ದೊಡ್ಡ ಡಾಕ್ಟರು ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂತಿರುಗಿದರು.

ಹೀಗಿರುವಾಗ ಮೂರನೆಯ ಮಹಡಿಯಲ್ಲಿ ಅರವತ್ತು ಹಾಸಿಗೆಯ ಹೊಸ ಹೆರಿಗೆ ವಾರ್ಡು ತಯಾರಾಯಿತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಕೆಳಗಿನ ಗಾಜಿನ ಕೋಣೆಯಲ್ಲಿ, ಬೆಚ್ಚಗಿನ ಪೆಟ್ಟಿಗೆಗಳಲ್ಲಿ ಇಡುತ್ತಾರೆ. ಸೋಂಕಿನ ಭಯಕ್ಕೆ ಅಲ್ಲಿಗೆ ನರ್ಸುಗಳ ಹೊರತು ಯಾರಿಗೂ ಪ್ರವೇಶವಿಲ್ಲ, ಅವರೂ ಮೊಬೈಲು ತರುವಂತಿಲ್ಲ. ಅದಕ್ಕಾಗಿ ಒಂದೊಂದು ಪೆಟ್ಟಿಗೆಯ ಮೇಲೂ ಒಂದು ಕ್ಯಾಮೆರಾ ಇಟ್ಟರು. ಮೇಲಿನ ವಾರ್ಡಿನಲ್ಲಿ ಪ್ರತಿ ಹಾಸಿಗೆಗೆ ಒಂದು ಪರದೆ. ಗುಂಡಿ ಒತ್ತಿದರೆ ತಾಯಿಗೆ ತನ್ನ ಮಗು ಕಾಣಬೇಕು. ಪರದೆಗಳಿಗೆ ವಿಳಾಸ ಹಂಚುವಾಗ ವಾರ್ಡಿನ ದೊಡ್ಡ ಸಿಸ್ಟರ್ ಪಟ್ಟು ಹಿಡಿದರು. ಒಂದನೇ ಹಾಸಿಗೆಗೆ ನೂರಾ ಒಂದು, ಎರಡನೇ ಹಾಸಿಗೆಗೆ ನೂರಾ ಎರಡು, ಹೀಗೇ ಬರಬೇಕು, ಆಗ ತಮಗೆ ನೆನಪಿಡಲು ಸುಲಭ ಎಂದು. ನಮ್ಮವರು ಬೇರೆ ಯಾವುದೋ ಅಂಕಿಯಿಂದ ಶುರುಮಾಡುವವರಿದ್ದರು. ಅದೇನು ಒಳ್ಳೆಯ ಮೂಡಿನಲ್ಲಿದ್ದರೋ, ಆಗಲಿ ಎಂದುಬಿಟ್ಟರು.

ಅವುಗಳಿಗೆ ಫೈರ್‌ವಾಲಿನಲ್ಲಿ ದಾರಿ ಬಿಡಬೇಕಾದ ಬೆಳಿಗ್ಗೆಯೇ ನಮ್ಮ ಮಗಳಿಗೆ ನೋವು ಕಾಣಿಸಿತು, ಎಷ್ಟೋ ವಾರ ಮುಂಚೆ. ಅಳಿಯ ಕೆಲಸದ ಮೇಲೆ ದೂರ ಹೋಗಿದ್ದ. ಅವಳನ್ನು ಆಪರೇಷನ್ ಕೋಣೆಗೆ ಒಯ್ದ ಮೇಲೆ ನಾನು ಬಾಗಿಲ ಮುಂದೆ ಕೂತೆ. ಇವರು ಕೂರಲಾಗದೆ, ನಿಲ್ಲಲಾಗದೆ, ತಮ್ಮ ತಣ್ಣನೆಯ ಕೋಣೆಗೆ ಹೋಗಿ ಆ ಒಂದು ಸಾಲು ಬರೆದು ಬಂದರು. ನೂರರಿಂದ ಹಿಡಿದು ಅರವತ್ನಾಲ್ಕು ಮನೆಯ ಬೀದಿ, ಮಗುವಿನ ಕ್ಯಾಮೆರಾ ನೋಡಬಹುದು, ಎಂದು. ಯಂತ್ರ ಒಂದು ಮಾತೂ ಆಡದೆ ಒಪ್ಪಿಕೊಂಡಿತು.

ಹೆಣ್ಣುಮಗು. ತಾಯಿ ಕಣ್ಣುಬಿಡುವ ಮೊದಲೇ ಗಾಜಿನ ಕೋಣೆಗೆ ಹೋಯಿತು. ಮಗಳನ್ನು ಹೊಸ ವಾರ್ಡಿನ ಇಪ್ಪತ್ತೆಂಟನೇ ಹಾಸಿಗೆಗೆ ತಂದು ಮಲಗಿಸಿದರು. ರಕ್ತದೊತ್ತಡ ಏರಿತ್ತು, ಅಲ್ಲಾಡಿಸುವ ಹಾಗಿರಲಿಲ್ಲ. ಎಚ್ಚರವಾದದ್ದೇ ಪರದೆಯ ಗುಂಡಿ ಒತ್ತಿದಳು. "ಅನುಮತಿ ಇಲ್ಲ" ಎಂದು ಬಂತು. ಮತ್ತೆ ಒತ್ತಿದಳು. ಅನುಮತಿ ಇಲ್ಲ.

ಪಕ್ಕದ ಇಪ್ಪತ್ತೇಳನೇ ಹಾಸಿಗೆಯಲ್ಲಿ ಒಬ್ಬ ಬಾಯಿಬಡುಕಿ. ಪರದೆಗೆ ಮೂಗು ತಾಗಿಸಿಕೊಂಡು ಕೂತಿದ್ದಳು. "ಅಯ್ಯೋ ಆಕಳಿಸ್ತು ಕಣ್ರೀ! ನೋಡಿ ನೋಡಿ, ಕಾಲು ಒದೀತು! ಅವರಪ್ಪನ ಹಾಗೇ ಬಾಯಿ ತೆರೆದು ನಿದ್ದೆ!" ಎಂದು ಸಂಜೆಯವರೆಗೆ ಬಿಡದೆ ವರದಿ. ಅವಳ ತಪ್ಪೇನಿಲ್ಲ ಬಿಡಿ, ಸಂತೋಷ ಯಾರಿಗೆ ತಡೆಯುತ್ತದೆ. ಆದರೂ ಆ ಹೊತ್ತಿಗೆ ಅವಳ ಬಾಯಿಗೆ ಒಂದು ತಟ್ಟೆ ಮುಚ್ಚಬೇಕು ಅನಿಸಿತು ನನಗೆ.

ನಮ್ಮ ಮಗಳು ಮುಖ ಗೋಡೆಗೆ ತಿರುಗಿಸಿ ಮಲಗಿದಳು. "ಅವಳಿಗೆ ಕಾಣತ್ತೆ, ನನಗೆ ಮಾತ್ರ ಅನುಮತಿ ಇಲ್ಲ. ನನ್ನ ಹತ್ರ ಏನೋ ಮುಚ್ಚಿಡ್ತಿದೀರಿ."

"ಪರದೆ ಕೆಟ್ಟಿದೆ ಪುಟ್ಟಿ" ಎಂದರು ಇವರು.

"ಮಗು ಚೆನ್ನಾಗಿದೆ ಅಂತ ಸಿಸ್ಟರ್ ಹೇಳಿದ್ರು" ಎಂದೆ ನಾನು.

"ಎಲ್ಲರೂ ಒಂದೇ ಮಾತು ಹೇಳ್ತೀರಿ, ಹೇಳಿಕೊಟ್ಟ ಹಾಗೆ. ಮಗು ಇದ್ದಿದ್ರೆ ತೋರಿಸ್ತಿದ್ರಿ."

ಅಂದು ಅವಳು ಏನನ್ನೂ ಮುಟ್ಟಲಿಲ್ಲ. ನಾನೇ ಕೈಯಾರೆ ಮಾಡಿ ತಂದ ಸೂಪು ಹಾಗೇ ಆರಿತು, ಮೆತ್ತಗಿನ ಅನ್ನ ಹಾಗೇ ಒಣಗಿತು. ಹೊಟ್ಟೆಗೆ ಬೀಳದೆ, ನಿದ್ದೆ ಬಾರದೆ ಒತ್ತಡ ಇಳಿಯುವುದಿಲ್ಲ, ಇಳಿಯದಿದ್ದರೆ ತಾಯಿಗೆ ಅಪಾಯ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಆಸ್ಪತ್ರೆಯ ಎಲ್ಲ ರೋಗಿಗಳಿಗೂ ಅಡುಗೆ ಮಾಡಿ ಹಾಕುವವಳ ಸ್ವಂತ ಮಗಳು ಉಪವಾಸ. ಇದಕ್ಕಿಂತ ಕೆಟ್ಟ ಶಿಕ್ಷೆ ಅಡುಗೆಯವಳಿಗೆ ಇನ್ನೇನಿದೆ.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಅಲ್ಲಿ ಕೆಲಸವೇ ನಿಂತಿತ್ತು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದೆ, ಹೆಂಗಸರೆಲ್ಲ ಗೋಡೆಯ ಪರದೆಯ ಮುಂದೆ ಕತ್ತು ಚಾಚಿ ನಿಂತಿದ್ದಾರೆ. ಯಾವ ಹಾಸಿಗೆಗೆ ಉಪ್ಪು ಬೇಡ, ಯಾವ ಹಾಸಿಗೆಗೆ ಮೆತ್ತಗಿನ ಊಟ ಎಂದು ತೋರಿಸುವ ಪರದೆ ಅದು. ವಾರ್ಡಿನ ಪರದೆಗಳ ಜಾತಿಯದೇ ಆದ್ದರಿಂದ ಅದರಲ್ಲೂ ಮಗುವಿನ ಗುಂಡಿ ಇತ್ತು. ಒತ್ತಿದರೆ ಅನುಮತಿ ಇಲ್ಲ ಎನ್ನುತ್ತಿತ್ತು, ನಾವು ಸುಮ್ಮನಿದ್ದೆವು. ಅಂದು ಈರುಳ್ಳಿ ಹೆಚ್ಚುವವಳ ಮೊಣಕೈ ತಾಗಿ ಗುಂಡಿ ಒತ್ತಿಕೊಂಡಿತಂತೆ. ತೆರೆದುಕೊಂಡದ್ದು ಗಾಜಿನ ಕೋಣೆ! ಈ ಪರದೆ ಯಾವ ಹಾಸಿಗೆಗೂ ಸೇರಿದ್ದಲ್ಲವಾದ್ದರಿಂದ ಒಂದರ ಹಿಂದೊಂದು ಎಲ್ಲ ಪೆಟ್ಟಿಗೆಗಳೂ ಬರುತ್ತಿದ್ದವು, ಕೆಳಗೆ ತಾಯಿಯ ಹಾಸಿಗೆ ನಂಬರಿನೊಂದಿಗೆ.

"ಅಕ್ಕಾ, ಬನ್ನಿ ಬನ್ನಿ! ಇವನು ಪೈಲ್ವಾನ. ಇವಳು ಮಹಾರಾಣಿ, ಏಳೋದೇ ಇಲ್ಲ. ಈಗ ಬರೋಳು ನೋಡಿ, ಮೆಣಸಿನಕಾಯಿ. ಇಷ್ಟೇ ಇಷ್ಟುದ್ದ, ಕೆಂಪಗೆ, ಏನು ಕೋಪ ಅಂತೀರಿ! ನರ್ಸಿನ ಬೆರಳೇ ಕಿತ್ತುಕೊಳ್ಳೋ ಹಾಗೆ ಹಿಡೀತಾಳೆ."

ಮೆಣಸಿನಕಾಯಿ ಬಂದಳು. ಕೆಳಗೆ ನಂಬರ್ ಇಪ್ಪತ್ತೆಂಟು. ಹೆಣೆದ ಹಳದಿ ಟೋಪಿ, ಮುಷ್ಟಿ ಬಿಗಿದ ಕೈ, ಮೂಗಿನ ತುದಿಯಲ್ಲೇ ಕೋಪ. ಸಾಕ್ಷಾತ್ ನನ್ನ ಮೊಮ್ಮಗಳು. ಉಕ್ಕುತ್ತಿರುವ ಹಾಲನ್ನು ಮರೆತು ನಾನೂ ನಿಂತುಬಿಟ್ಟೆ. ಅತ್ತೆನೋ ನಕ್ಕೆನೋ ನೆನಪಿಲ್ಲ. ಈರುಳ್ಳಿ ಹೆಚ್ಚುವವಳು, "ಅಕ್ಕಾ, ನನ್ನ ಈರುಳ್ಳಿಗೆ ನಿಮ್ಮ ಕಣ್ಣಲ್ಲಿ ನೀರು" ಎಂದಳು.

ನಾನು ಮೊಬೈಲು ತೆಗೆದು ಪರದೆಯ ಚಿತ್ರ ಹಿಡಿದೆ. ಹೊರಡುವಾಗ ಎಲ್ಲರೂ ಸೆರಗು ಜಗ್ಗಿದರು. "ಭಾವನಿಗೆ ಮಾತ್ರ ಹೇಳ್ಬೇಡಿ ಅಕ್ಕಾ. ಗೊತ್ತಾದ್ರೆ ಮುಚ್ಚಿಬಿಡ್ತಾರೆ."

"ನಾನ್ಯಾಕೆ ಹೇಳ್ಲಿ" ಎಂದು ಒಂದೇ ಉಸಿರಿಗೆ ಮೂರನೇ ಮಹಡಿಗೆ ಓಡಿದೆ.

ಮಗಳು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಡುಗೆಮನೆಯ ಹಬೆ, ನನ್ನ ಅವಸರ, ಎರಡೂ ಸೇರಿ ಚಿತ್ರವೇ ಮಂಜು ಮಂಜು. "ಇದು ಮಗುನಾ, ಹಿಟ್ಟಿನ ಉಂಡೆನಾ?"

"ನಿನ್ನ ಮಗಳು ಕಣೇ! ಈಗ ತಾನೇ ಅಡುಗೆಮನೆ ಪರದೇಲಿ ಕಣ್ಣಾರೆ ನೋಡ್ದೆ. ಹಳದಿ ಟೋಪಿ ಹಾಕಿದಾರೆ."

"ಅಡುಗೆಮನೇಲಿ?"

"ಹೂಂ."

"ನನಗೆ ಕಾಣದ ಮಗು ಅಡುಗೆಮನೆಗೆ ಕಾಣತ್ತಾ? ಉಪ್ಪು ಬೇಡ, ಖಾರ ಬೇಡ ಅಂತ ಬರೆದಿರೋ ಕಡೆ?" ಮೊಬೈಲನ್ನು ನನ್ನ ಕೈಗೇ ತುರುಕಿದಳು. "ಅಮ್ಮಾ, ಸುಳ್ಳು ಹೇಳೋಕಾದ್ರೂ ಸರಿಯಾಗಿ ಹೇಳಬಾರದಾ?"

ನಿಜವನ್ನು ನಿಜವೆಂದು ಹೇಗೆ ಹೇಳುವುದು? ಇವರು ಅದೇ ಹೊತ್ತಿಗೆ ಹಾಸಿಗೆಯ ಕೆಳಗೆ ಅಂಗಾತ ಮಲಗಿ ತಂತಿ ಬದಲಾಯಿಸುತ್ತಿದ್ದರು. ಹೊಸ ಪರದೆ ಹಾಕಿಸಿದ್ದಾಗಿತ್ತು, ಹೊಸ ತಂತಿಯೂ ಆಯಿತು. ಗುಂಡಿ ಒತ್ತಿದರೆ ಮತ್ತೆ ಅದೇ ಅನುಮತಿ ಇಲ್ಲ. ನನ್ನ ಪಿತ್ತ ನೆತ್ತಿಗೇರಿತು.

"ನಿಮ್ಮ ಗೋಡೇಲೇ ಏನೋ ಎಡವಟ್ಟಾಗಿದೆ ರೀ, ಎದ್ದು ಹೋಗಿ ನೋಡಿ!"

"ಗೋಡೆ ಸರಿಯಾಗಿದೆ" ಎಂದು ಹಾಸಿಗೆಯ ಕೆಳಗಿಂದ ಧ್ವನಿ ಬಂತು. "ನೂರರಿಂದ ನೂರರವತ್ಮೂರರವರೆಗೆ ಬಿಟ್ಟಿದೀನಿ. ಇವಳದು ನೂರಿಪ್ಪತ್ತೆಂಟು. ಪಕ್ಕದವರದು ನೂರಿಪ್ಪತ್ತೇಳು, ಅವರಿಗೆ ಬರ್ತಿದೆ ತಾನೇ? ಒಂದು ಮನೆಗೆ ಬಂದು ಪಕ್ಕದ ಮನೆಗೆ ಬರಲ್ಲ ಅಂದ್ರೆ ಏನರ್ಥ? ಗೋಡೆ ಸುಳ್ಳು ಹೇಳಲ್ಲ."

"ಗೋಡೆ ಸುಳ್ಳು ಹೇಳಲ್ಲ, ನಾನು ಮಾತ್ರ ಸುಳ್ಳಿ! ಅಡುಗೆಮನೇಲಿ ಎಲ್ಲಾ ಕೂಸುಗಳೂ ಸಿನಿಮಾ ಥರ ಓಡ್ತಿವೆ, ಹೆತ್ತೋಳಿಗೆ ಕಾಣಲ್ಲ. ಇದ್ಯಾವ ನ್ಯಾಯ ರೀ?"

ಹೇಳಬಾರದ್ದನ್ನು ಹೇಳಿಬಿಟ್ಟಿದ್ದೆ. ಹಾಸಿಗೆಯ ಕೆಳಗೆ ಢಣ್ ಎಂದು ತಲೆ ಬಡಿದ ಸದ್ದಾಯಿತು. ತಲೆ ಉಜ್ಜಿಕೊಳ್ಳುತ್ತ ಇವರು ಹೊರಬಂದರು.

"ಎಲ್ಲಿ ಓಡ್ತಿವೆ?"

"ಅಡುಗೆಮನೇಲಿ."

"ಆ ಪರದೆ ನಂಬರ್ ಎಷ್ಟು? ಕೆಳಗೆ ಚೀಟಿ ಅಂಟಿಸಿದೀನಲ್ಲ."

ದಿನಾ ಅದರ ಮೇಲಿನ ಎಣ್ಣೆ ಜಿಡ್ಡು ಒರೆಸುವವಳು ನಾನೇ, ಗೊತ್ತಿರದೆ ಏನು. "ಎಪ್ಪತ್ತೊಂದು."

ಇವರು ಮಗಳ ಕಾಲ ಹತ್ತಿರ ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತರು. "ಎಪ್ಪತ್ತೊಂದು ಒಳಗೆ, ನೂರಿಪ್ಪತ್ತೆಂಟು ಹೊರಗೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ನೋಡಿ, "ನಿನಗೆ ಅವತ್ತು ಒಂದು ವಿಷಯ ಹೇಳೋದು ಬಾಕಿ ಉಳಿದಿತ್ತು ಕಣೇ. ಬೀದಿ ಎಲ್ಲಿಂದ ಶುರುವಾಗತ್ತೆ ಅಂತ" ಎಂದರು.

"ಎಲ್ಲಿಂದ?"

"ನಮಗೆ ಬೇಕಾದ ಕಡೆಯಿಂದ ಅಲ್ಲ. ಅರವತ್ನಾಲ್ಕರ ಬೀದಿ ಸೊನ್ನೆಯಿಂದ ಶುರುವಾಗತ್ತೆ, ಇಲ್ಲಾ ಅರವತ್ನಾಲ್ಕರಿಂದ, ಇಲ್ಲಾ ನೂರಿಪ್ಪತ್ತೆಂಟರಿಂದ. ನೂರು ಅಂತ ಬರೆದ್ರೆ ಯಂತ್ರ ಬೇಡ ಅನ್ನಲ್ಲ. ನೂರು ಇರೋ ಬೀದಿ ಯಾವುದು ಅಂತ ನೋಡಿ, ಸುಮ್ಮನೆ ಹಿಂದಕ್ಕೆ ಹೋಗಿ ಅರವತ್ನಾಲ್ಕರಿಂದ ನೂರಿಪ್ಪತ್ತೇಳರವರೆಗೆ ಹಿಡಿದುಬಿಡತ್ತೆ."

ಇದು ನನಗೆ ಥಟ್ಟನೆ ಅರ್ಥವಾಯಿತು. ಅಡುಗೆಮನೆಗೆ ಮೊಟ್ಟೆ ಟ್ರೇಗಳಲ್ಲಿ ಬರುತ್ತದೆ. ಉಗ್ರಾಣದವನಿಗೆ ನಡುವಿನ ಒಂದು ಮೊಟ್ಟೆಯನ್ನು ತೋರಿಸಿ, ಇಲ್ಲಿಂದ ಮುಂದಕ್ಕೆ ಒಂದು ಟ್ರೇ ಕೊಡು ಎಂದರೆ ಅವನು ಆ ಮೊಟ್ಟೆ ಇರುವ ಟ್ರೇಯನ್ನೇ ಎತ್ತಿಕೊಡುತ್ತಾನೆ. ಹಿಂದಿನವು ಬೇಡದಿದ್ದರೂ ಬರುತ್ತವೆ, ಮುಂದಿನವು ಬೇಕಾದರೂ ಅಲ್ಲೇ ಉಳಿಯುತ್ತವೆ. ಹಾಗೆ ಬೇಡದೆ ಬಂದ ಮೊಟ್ಟೆಗಳು ನಾವು ಅಡುಗೆಮನೆಯವರು. ಮುಂದಿನ ಟ್ರೇಯ ಮೊಟ್ಟಮೊದಲ ಮೊಟ್ಟೆ ನನ್ನ ಮಗಳು. ಟ್ರೇಯ ಅಂಚು ಸರಿಯಾಗಿ ಎರಡು ಹಾಸಿಗೆಗಳ ನಡುವೆ ಬಿದ್ದಿತ್ತು. ಆಚೆಗಿನ ಹಾಸಿಗೆಗಳಲ್ಲಿದ್ದ ನಾಲ್ಕಾರು ತಾಯಂದಿರು, ಹೊಸ ವಾರ್ಡು, ಇನ್ನೂ ಸರಿಹೋಗಿಲ್ಲ ಎಂದು ಸುಮ್ಮನಿದ್ದರಂತೆ.

"ಮದುವೇಲೂ ಇದೇ ಮಾಡಿದ್ರಿ" ಎಂದೆ, ತಡೆಯಲಾಗದೆ. "ಎದುರುಮನೆಯವನು ಒಳಗೆ, ಒಡಹುಟ್ಟಿದವಳು ಹೊರಗೆ."

"ಬೈಯಿ" ಎಂದರು ಇವರು. "ಇವತ್ತು ಎಷ್ಟು ಬೈದರೂ ಬೈಯಿ. ಅವತ್ತು ನಾನು ಲೆಕ್ಕ ನೋಡ್ಲೇ ಇಲ್ಲ. ಕಣ್ಣೆಲ್ಲಾ ಆ ಆಪರೇಷನ್ ಬಾಗಿಲ ಮೇಲೇ ಇತ್ತು." ಬೈಯಲು ಬಾಯಿ ತೆರೆದವಳು ಇವರ ಕೈಹಿಡಿದು ಎಬ್ಬಿಸಿದೆ.

ಇಬ್ಬರೂ ಇವರ ಕೋಣೆಗೆ ಓಡಿದೆವು, ಇವರು ಸ್ವೆಟರಿಲ್ಲದೆ, ನಾನು ಏಪ್ರನ್ನಿನಲ್ಲಿ. ನೂರರಿಂದ ನೂರರವತ್ಮೂರರವರೆಗೆ ಅಷ್ಟನ್ನೇ ಹಿಡಿಯಬೇಕಾದರೆ ಒಂದು ಬೀದಿ ಸಾಲದು, ತುಂಡು ತುಂಡು ಜೋಡಿಸಬೇಕು ಎಂದು ಇವರು ಹಾಳೆಯ ಮೇಲೆ ಗೀಚಿದರು. ನೂರರಿಂದ ನಾಲ್ಕು ಮನೆ, ನೂರಾ ನಾಲ್ಕರಿಂದ ಎಂಟು, ನೂರಾ ಹನ್ನೆರಡರಿಂದ ಹದಿನಾರು, ನೂರಿಪ್ಪತ್ತೆಂಟರಿಂದ ಮೂವತ್ತೆರಡು, ಕೊನೆಗೆ ನೂರರವತ್ತರಿಂದ ನಾಲ್ಕು. ಐದು ತುಂಡು. ಎರಡೆರಡು ಸಲ ಕೂಡಿ ನೋಡಿದರು. ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಐದರಲ್ಲಿ ಯಾವುದೂ ಅಲ್ಲದ ಒಂದು ಸಾಲು ಬರೆದರು. ನೂರಿಪ್ಪತ್ತೆಂಟು, ಓರೆಗೆರೆ, ಮೂವತ್ತೆರಡು.

ಮೂವತ್ತೆರಡು ಎಂದರೇನೆಂದು ನನಗೆ ಗೊತ್ತಿತ್ತು. ಕಾಫಿ ಆರಿಸಿಕೊಂಡು ಕಲಿಸಿದ್ದರಲ್ಲ.

"ರೀ, ಇದು ಒಂಟಿ ಮನೆ ಅಲ್ವಾ?"

"ಪರೀಕ್ಷೆಗೆ" ಎಂದರು. ಕಿವಿ ಕೆಂಪಾಗಿತ್ತು. "ಬರೀ ಪರೀಕ್ಷೆಗೆ. ಇದು ಸರಿ ಬಂದ್ರೆ ಉಳಿದಿದ್ದು ಬರೀತೀನಿ. ನೀನು ಮೇಲೆ ಹೋಗು."

ನಾನು ಮೇಲೆ ಹೋಗುವಷ್ಟರಲ್ಲಿ ಮಗಳು ಗೋಡೆಯ ಕಡೆಯಿಂದ ಈ ಕಡೆ ತಿರುಗಿದ್ದಳು. ಪರದೆಯಲ್ಲಿ ಹಳದಿ ಟೋಪಿ, ಬಿಗಿದ ಮುಷ್ಟಿ. ಮಗು ಬಾಯಗಲಿಸಿ ಸಿಟ್ಟಿನಿಂದ ಅಳುತ್ತಿತ್ತು. ಧ್ವನಿ ಕೇಳಿಸದಿದ್ದರೂ ವಾರ್ಡೆಲ್ಲ ಕೇಳಿಸುವಂಥ ಅಳು. ಮಗಳು ಬೆರಳಿನಿಂದ ಪರದೆಯನ್ನು ಮುಟ್ಟಿ, ತೆಗೆದು, ಮತ್ತೆ ಮುಟ್ಟಿದಳು. ಪಕ್ಕದ ಬಾಯಿಬಡುಕಿಯೂ ಮೊದಲ ಸಲ ಸುಮ್ಮನೆ ಕೂತು ನೋಡುತ್ತಿದ್ದಳು.

"ಅಮ್ಮಾ" ಎಂದಳು ಕೊನೆಗೆ, "ಟೋಪಿ ಕಣ್ಣಿನ ಮೇಲೆ ಜಾರಿದೆ. ಆ ಸಿಸ್ಟರ್‌ಗೆ ಯಾರಾದ್ರೂ ಹೇಳ್ರಮ್ಮ."

"ಹೇಳಿಸ್ತೀನಿ."

"ಹಿಟ್ಟಿನ ಉಂಡೆ ಅಂದುಬಿಟ್ಟೆ ಪಾಪ." ಕಣ್ಣು ಒರೆಸಿಕೊಂಡಳು. "ಏನಿದೆ ತಿನ್ನೋಕೆ?"

ನನ್ನ ಅಡುಗೆಯನ್ನು ಹೊಗಳಿದವರು ಎಷ್ಟೋ ಜನ. ಏನಿದೆ ತಿನ್ನೋಕೆ ಎಂಬ ಆ ಒಂದು ಮಾತಿನ ಮುಂದೆ ಅವೆಲ್ಲ ಸಪ್ಪೆ. ನಾನು ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ತಿಳಿಯದು. ಊಟ ತೆಗೆದುಕೊಂಡು ಬರುವಷ್ಟರಲ್ಲಿ ಇವರು ಐದೂ ತುಂಡುಗಳನ್ನು ಬರೆದು, ಆ ತಪ್ಪು ಸಾಲನ್ನು ತೆಗೆದುಹಾಕಿ, ಆಚೆಗಿನ ತಾಯಂದಿರಿಗೂ ದಾರಿ ಮಾಡಿಕೊಟ್ಟಿದ್ದರು. ಅದೇ ಹೊತ್ತಿಗೆ ಅಡುಗೆಮನೆಯ ಪರದೆಯಲ್ಲಿ ಅನುಮತಿ ಇಲ್ಲ ಎಂದು ಬಂತು. ಈರುಳ್ಳಿ ಹೆಚ್ಚುವವಳು ಚಾಕು ಕೆಳಗಿಟ್ಟು, "ಹೇಳ್ಬೇಡಿ ಅಂದ್ರೂ ಹೇಳಿಬಿಟ್ರಲ್ಲ ಅಕ್ಕಾ! ಪೈಲ್ವಾನ ಇನ್ನೂ ಹಾಲು ಕುಡಿದಿರಲಿಲ್ಲ" ಎಂದು ಮುಖ ಊದಿಸಿದಳು. ಯಾರದೋ ಮಕ್ಕಳನ್ನು ಕೇಳದೆ ನೋಡುವುದು ತಪ್ಪು ಎಂದು ಇವರು ಬಂದು ಬುದ್ಧಿ ಹೇಳಿದರು. ಹೆಂಗಸರು ಆ ಇಡೀ ವಾರ ಗೋಡೆ ಭಾವನ ತಟ್ಟೆಗೆ ಸುಟ್ಟ ರೊಟ್ಟಿಯನ್ನೇ ಆರಿಸಿ ಹಾಕಿದರು. ಇವರು ತುಟಿ ಪಿಟಕ್ಕೆನ್ನದೆ ತಿಂದರು.

ಮೆಣಸಿನಕಾಯಿಗೆ ಈಗ ಶಾಲೆಗೆ ಹೋಗುವ ವಯಸ್ಸು, ಕೋಪ ಮಾತ್ರ ಅಷ್ಟೇ ಇದೆ. ಇವರು ನಿವೃತ್ತರಾದ ಮೇಲೆ ಆ ತಣ್ಣನೆಯ ಕೋಣೆಗೆ ಒಬ್ಬಳು ಹೊಸ ಹುಡುಗಿ ಬಂದಿದ್ದಾಳೆ. ಬಲು ಚುರುಕು. ಮೊನ್ನೆ ಊಟದ ಹೊತ್ತಿನಲ್ಲಿ ಇವರಿಗೆ ಫೋನ್ ಮಾಡಿದಳು. ಮೊಮ್ಮಗಳು ಇವರ ಕೈಯಲ್ಲಿ ಎಣ್ಣೆ ಇದ್ದದ್ದು ನೋಡಿ ತಾನೇ ಸ್ಪೀಕರ್ ಹಾಕಿದಳು.

"ಸರ್, ಒಂದು ಸಾಲು ಸಿಕ್ಕಿದೆ. ನೂರಿಪ್ಪತ್ತೆಂಟು, ಒಂಟಿ ವಿಳಾಸ. ಕೆಳಗಿನ ಸಾಲಿನ ಮೂವತ್ತೆರಡು ಮನೆ ಬೀದೀಲಿ ಅದು ಹೇಗೂ ಬರತ್ತೆ, ಇದರ ಅಗತ್ಯಾನೇ ಇಲ್ಲ. ಅಳಿಸ್ತಿದೀನಿ. ಆದ್ರೆ ಕಾರಣದ ಜಾಗ ಖಾಲಿ ಇದೆ. ಕಾರಣ ಬರೀದೆ ಯಾವುದನ್ನೂ ಅಳಿಸಬಾರದು ಅಂತ ನೀವೇ ನಿಯಮ ಮಾಡಿದೀರಿ. ಏನಂತ ಬರೀಲಿ?"

ಒಂಟಿ ಬಾಗಿಲು ಕಂಡರೆ ಉರಿದುಬೀಳುತ್ತಿದ್ದ ಮನುಷ್ಯ, ಕಾರಣ ಬರೆಯದವರನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದ ಮನುಷ್ಯ. ನಾನು ಸೌಟು ಹಿಡಿದು ನೋಡುತ್ತಲೇ ಇದ್ದೆ. ಇವರು ತಟ್ಟೆಯ ಕಡೆ ನೋಡಿದರು, ಮೊಮ್ಮಗಳ ಕಡೆ ನೋಡಿದರು.

"ಮಗಳು ಊಟ ಮಾಡಿರಲಿಲ್ಲ ಅಂತ ಬರಿಯಮ್ಮ. ಬರೆದು ಅಳಿಸಿಬಿಡು."

ಆ ಕಡೆ ಕೀಲಿಮಣೆಯ ಟಕಟಕ ಕೇಳಿಸಿತು.

"ಬರೆದೆ ಸರ್" ಎಂದಳು ಹುಡುಗಿ. "ನಾಳೆ ಅಳಿಸ್ತೀನಿ."

ಅವಳು ಊಟಕ್ಕೆ ನನ್ನ ಅಡುಗೆಮನೆಗೇ ಬರುವುದು. ಬಡಿಸುವಾಗ ಒಮ್ಮೊಮ್ಮೆ ಕೇಳುತ್ತೇನೆ, ಅಳಿಸಿದೆಯಾ ಎಂದು. ನಾಳೆ ಅಕ್ಕಾ, ಎನ್ನುತ್ತಾಳೆ. ನಾನು ಅವಳ ತಟ್ಟೆಗೆ ಒಳ್ಳೆಯ ರೊಟ್ಟಿ ಆರಿಸಿ ಹಾಕುತ್ತೇನೆ.